ಗೆಳೆಯನಿಗೊಂದು ಪತ್ರ: ಹಳೆಯ ಕಾಲೇಜು ಪತ್ರಿಕೆಗಳ ‘ಕೋ-ಎಡ್’

ಪ್ರೀತಿಯ ಗೆಳೆಯನಿಗೆ ವಂದನೆಗಳು.

ಅಮೆರಿಕದ ಹಳೆಯ ವಿದ್ಯಾರ್ಥಿ ಪತ್ರಿಕೆಗಳನ್ನು ತರಗತಿಯಲ್ಲಿ ಓದಿಸಲು ಹೊರಟ ನಿನಗೆ ‘ಕೋ-ಎಡ್’ ಎಂಬ ಪದ ಅಲ್ಲಲ್ಲಿ ಎದುರಾಗಿ, ಅರ್ಥ ಹೊಂದದೆ ಹೋಯಿತೆಂದು ಬರೆದಿದ್ದೆ. ಹೊಂದದಿರುವುದು ಸಹಜ. ಅದು ‘ಕೋ-ಎಜುಕೇಶನ್’, ಅಂದರೆ ಸಹಶಿಕ್ಷಣ ಎಂಬುದರ ಮೊಟಕು ರೂಪ. ನಮ್ಮಲ್ಲಿ ಕೋ-ಎಡ್ ಎಂದರೆ ಹುಡುಗ ಹುಡುಗಿಯರು ಕೂಡಿ ಓದುವ ಕಾಲೇಜು. ಮಗಳನ್ನು ಕೋ-ಎಡ್‌ಗೆ ಸೇರಿಸುವುದೋ ಮಹಿಳಾ ಕಾಲೇಜಿಗೋ ಎಂಬ ಮಾತು ಇಂದಿಗೂ ಮನೆಗಳಲ್ಲಿ ನಡೆಯುತ್ತದೆ. ಆ ಪತ್ರಿಕೆಗಳಲ್ಲಿ ಕೋ-ಎಡ್ ಎಂದರೆ ಒಬ್ಬ ವಿದ್ಯಾರ್ಥಿನಿ. ಅದೇ ತರಗತಿಯಲ್ಲಿ, ಅದೇ ಬೆಂಚುಗಳ ಸಾಲಿನಲ್ಲಿ ಕುಳಿತ ಹುಡುಗ ಬರಿಯ ‘ವಿದ್ಯಾರ್ಥಿ’.

ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ ಮೂವರು ಮಹಿಳೆಯರು 1841ರಲ್ಲಿಯೇ ಪದವಿ ಪಡೆದಿದ್ದರು. ಮಿಷಿಗನ್ ವಿಶ್ವವಿದ್ಯಾಲಯ 1870ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರ ವಾಸಕ್ಕೆಂದು ಕಟ್ಟಿದ ಸೇಜ್ ಕಾಲೇಜು 1875ರಲ್ಲಿ ಆರಂಭವಾಯಿತು, ಅಲ್ಲಿನ ‘ಕಾರ್ನೆಲ್ ಡೈಲಿ ಸನ್’ ಪತ್ರಿಕೆ ಹುಟ್ಟಿದ್ದು 1880ರಲ್ಲಿ. ಹೀಗೆ ಬಹುಪಾಲು ಕಡೆ ಗಂಡಸರು ಮೊದಲೇ ನೆಲೆಯೂರಿದ್ದರು, ಹೆಂಗಸರು ಆಮೇಲೆ ಬಂದರು. ಸಹಶಿಕ್ಷಣವೆಂಬುದು ಹೆಂಗಸರ ಬರವಿನಿಂದಲೇ ಉಂಟಾದ ಸಂಗತಿಯೆಂಬಂತೆ ಕಂಡದ್ದರಿಂದ, ನ್ಯಾಯವಾಗಿ ಇಬ್ಬರಿಗೂ ಸಲ್ಲಬೇಕಾಗಿದ್ದ ಹೆಸರು ಒಬ್ಬರಿಗೇ ಅಂಟಿಕೊಂಡಿತು ಎಂದು ನಾನು ತಿಳಿದಿದ್ದೇನೆ. ಹಾಗೆ ಕರೆದವರೆಲ್ಲರಿಗೂ ಕೀಳುಭಾವವಿತ್ತೆಂದು ನಾನು ಹೇಳಲಾರೆ, ಏಕೆಂದರೆ ಹುಡುಗಿಯರೂ ತಮ್ಮನ್ನು ಹಾಗೆಯೇ ಕರೆದುಕೊಂಡು ಬರೆದದ್ದುಂಟು.

ಪತ್ರಿಕೆಯ ಕೆಲಸದಲ್ಲಿ ಈ ಪದ ಬೇರೂರಲು ಇನ್ನೊಂದು ಅನುಕೂಲವೂ ಒದಗಿತು. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಒಂದೇ ಅಂಕಣದ ತಲೆಬರಹಕ್ಕೆ ಸಿಗುತ್ತಿದ್ದ ಜಾಗ ಬಹಳ ಕಿರಿದು. ಲೋಹದ ಅಕ್ಷರಗಳನ್ನು ಹಿಂಡಿ ಚಿಕ್ಕದು ಮಾಡುವಂತಿರಲಿಲ್ಲ. ‘ವಿಮೆನ್ ಸ್ಟೂಡೆಂಟ್ಸ್’ ಎಂದು ಕೂರಿಸಿದರೆ ಸಾಲು ತುಂಬಿಹೋಗುತ್ತಿತ್ತು, ‘ಕೋ-ಎಡ್ಸ್’ ಎಂದರೆ ಕ್ರಿಯಾಪದಕ್ಕೂ ಜಾಗ ಉಳಿಯುತ್ತಿತ್ತು. ಕ್ರಮೇಣ ನಡುಗೆರೆಯೂ ಬಿದ್ದುಹೋಗಿ ಅದು ಇಂಗ್ಲಿಷಿನ ನಾಲ್ಕೇ ಅಕ್ಷರಗಳ ಪದವಾಯಿತು. ಆದರೆ ಜಾಗದ ಕೊರತೆ ಎಲ್ಲವನ್ನೂ ವಿವರಿಸುವುದಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಈ ಪದದ ಮುಂದೆ ‘ಚೆಲುವೆ’ ಎಂಬ ವಿಶೇಷಣವನ್ನು ಧಾರಾಳವಾಗಿ ಸೇರಿಸುತ್ತಿದ್ದರು. ಚೆಂದದ ಹುಡುಗ ಎಂದು ವಿದ್ಯಾರ್ಥಿಯ ಸುದ್ದಿಯನ್ನು ಆರಂಭಿಸುವ ರೂಢಿ ಮಾತ್ರ ಇರಲಿಲ್ಲ. ಓದಲು ಬಂದವಳನ್ನು ನೋಡುವ ವಸ್ತುವಾಗಿಸಿದ ಈ ಬಳಕೆ ನನಗೆ ನಿಜವಾಗಿ ನೋವು ತರುತ್ತದೆ.

ಯೇಲ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು ಪದವಿ ತರಗತಿಗಳಿಗೆ ಮಹಿಳೆಯರನ್ನು ಸೇರಿಸಿಕೊಂಡದ್ದು 1969ರಲ್ಲಿ. ಸ್ತ್ರೀ ಚಳವಳಿ ಬಲಗೊಂಡು, 1972ರಲ್ಲಿ ಶಿಕ್ಷಣದಲ್ಲಿ ಲಿಂಗಭೇದವನ್ನು ತಡೆಯುವ ‘ಟೈಟಲ್ ನೈನ್’ ಕಾನೂನು ಬಂದ ಮೇಲೆ, ವ್ಯಕ್ತಿಯನ್ನು ಕೋ-ಎಡ್ ಎಂದು ಕರೆಯುವುದು ಪತ್ರಿಕೆಗಳಲ್ಲಿ ಕಡಿಮೆಯಾಗುತ್ತ ಬಂದಿತು. ಪದ ಸಂಸ್ಥೆಗಳಿಗೂ ವಸತಿಗೃಹಗಳಿಗೂ ಮರಳಿತು.

‘ಸನ್’ ಪತ್ರಿಕೆಯ ಹಳೆಯ ಸಂಚಿಕೆಗಳು ಈಗ ಡಿಜಿಟಲ್ ರೂಪದಲ್ಲಿ ದೊರೆಯುತ್ತವೆ. ಅವುಗಳನ್ನು ಕನ್ನಡಕ್ಕೆ ತಂದು ಓದಿಸುವುದಾದರೆ ಆ ಜಾಗದಲ್ಲಿ ‘ವಿದ್ಯಾರ್ಥಿನಿ’ ಎಂದು ತಿದ್ದಬೇಡವೆಂದು ನನ್ನ ಕೋರಿಕೆ. ಪದವನ್ನು ಇದ್ದಂತೆಯೇ ಉಳಿಸಿ, ಪಕ್ಕದಲ್ಲಿ ಸಂಚಿಕೆಯ ತಾರೀಖು ಹಾಕು. ಅದೇ ಪುಟದಲ್ಲಿ ಹುಡುಗರನ್ನು ಏನೆಂದು ಕರೆದಿದ್ದಾರೆ ಎಂಬುದನ್ನು ಮಕ್ಕಳೇ ಹುಡುಕಲಿ.

ಇಂತಿ ನಿನ್ನ ಗೆಳೆಯ