ಶನಿಗೆ ಬಣ್ಣ ಕೂಡಿಸಿದವರ ಹೆಸರೂ ಇರಲಿ

ಮಾನ್ಯರೇ,

ಹವ್ಯಾಸಿಗಳು ಸಂಸ್ಕರಿಸಿದ ಶನಿಗ್ರಹದ ವರ್ಣಚಿತ್ರದ ಕೆಳಗೂ ‘ಚಿತ್ರ: ನಾಸಾ’ ಎಂದಷ್ಟೇ ಅಚ್ಚಾಗುವುದನ್ನು ಕಂಡಾಗಲೆಲ್ಲ ಕಸಿವಿಸಿಯಾಗುತ್ತದೆ. 2004ರಿಂದ 2017ರವರೆಗೆ ಶನಿಯನ್ನು ಸುತ್ತಿದ ಕ್ಯಾಸಿನಿ ನೌಕೆಯ ಕ್ಯಾಮೆರಾಗಳು ತೆಗೆದದ್ದೆಲ್ಲ ಕಪ್ಪು-ಬಿಳುಪು ಚಿತ್ರಗಳು. ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಒಂದಾದ ಮೇಲೊಂದು ತೆಗೆದ ಮೂರನ್ನು ಕೂಡಿಸಿದರೆ ಬಣ್ಣ ಬರುತ್ತದೆ. ಮೂಲಚಿತ್ರಗಳು ಎಲ್ಲರಿಗೂ ಮುಕ್ತವಾಗಿರುವುದರಿಂದ ನನ್ನಂಥವರೂ ಮನೆಯ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುತ್ತೇವೆ.

ಕೂಡಿಸುವುದೆಂದರೆ ಒಂದರ ಮೇಲೊಂದು ಇಟ್ಟು ಕೈತೊಳೆದುಕೊಳ್ಳುವುದಲ್ಲ. ಮೂರು ಚಿತ್ರಗಳ ನಡುವಿನ ಅಲ್ಪ ಸಮಯದಲ್ಲೇ ನೌಕೆಯೂ ಉಪಗ್ರಹವೂ ಸರಿದಿರುತ್ತವೆ. ಉಂಗುರಗಳನ್ನು ಹೊಂದಿಸಿದರೆ ಶನಿಯ ಉಪಗ್ರಹ ಎನ್ಸೆಲಡಸ್‌ನ ಒಂದು ಅಂಚಿನಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ ಇಣುಕುತ್ತದೆ. ಅದನ್ನು ಬಿಡಿಸಿ ಬೇರೆಯಾಗಿಯೇ ಕೂರಿಸಬೇಕು. ಕಾಸ್ಮಿಕ್ ಕಿರಣ ಬಡಿದ ಬಿಳಿ ಚುಕ್ಕೆಗಳನ್ನು ಅಳಿಸಬೇಕು, ಆದರೆ ನಿಜವಾದ ನಕ್ಷತ್ರವೋ ಪುಟ್ಟ ಉಪಗ್ರಹವೋ ಅಳಿಸಿಹೋಗಬಾರದು. ಆತುರಗಾರರಿಗೆ ಹೇಳಿದ ಕೆಲಸವಲ್ಲ ಇದು.

ಕಣ್ಣಿಗೆ ಕಾಣದ ಅತಿನೇರಳೆ, ಅವಕೆಂಪು ಬೆಳಕಿನ ಚಿತ್ರಗಳನ್ನು ಬಳಸಿ ಕೃತಕ ಬಣ್ಣ ಕೊಡುವುದೂ ತಪ್ಪಲ್ಲ. ಹಾಗೆಂದು ಓದುಗರಿಗೆ ತಿಳಿಸಬೇಕು, ಅಷ್ಟೇ. ದಯವಿಟ್ಟು ನಾಸಾದ ಪಕ್ಕದಲ್ಲಿ ಸಂಸ್ಕರಿಸಿದವರ ಹೆಸರನ್ನೂ, ಬಣ್ಣ ಸಹಜವೋ ಕೃತಕವೋ ಎಂಬುದನ್ನೂ ಅಚ್ಚುಹಾಕಿ. ಒಂದು ಸಾಲಿನ ಜಾಗ ಸಾಕು.

– ಒಬ್ಬ ಹವ್ಯಾಸಿ