ಚುಕ್ಕೆ ಮಾಯವಾದರೆ ರೋಗ ಹೋದಂತಲ್ಲ

ಮಾನ್ಯರೇ,

ಚಳಿ ಶುರುವಾಯಿತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳ ಅಕ್ವೇರಿಯಂಗಳಲ್ಲಿ ಬಿಳಿ ಚುಕ್ಕೆ ರೋಗದ ಕಾಟ. ರಾತ್ರಿ ನೀರು ತಣ್ಣಗಾಗಿ ಮೀನು ಸೊರಗುತ್ತದೆ. ರೆಕ್ಕೆ, ಬಾಲದ ಮೇಲೆ ಸಣ್ಣ ರವೆ ಉದುರಿಸಿದಂತೆ ಕಾಣುತ್ತದೆ, ಮೀನು ಕಲ್ಲಿಗೆ ಮೈ ತಿಕ್ಕುತ್ತದೆ. ಎರಡು ದಿನ ಔಷಧ ಹಾಕಿ, ಚುಕ್ಕೆ ಹೋದೊಡನೆ ನಿಲ್ಲಿಸುವವರೇ ಹೆಚ್ಚು. ತಪ್ಪಾಗುವುದು ಅಲ್ಲೇ. ಚರ್ಮದೊಳಗೆ ಕೂತು ಈ ರೋಗ ತರುವ ಪರಾವಲಂಬಿ ಜೀವಿಗೆ ಔಷಧ ತಾಗದು. ಅದು ಕಳಚಿ ತಳ ಸೇರಿ, ಒಂದು ನೂರಾರಾಗಿ ಒಡೆದು, ಹೊಸ ಮೀನು ಹುಡುಕುತ್ತ ಈಜುವಾಗ ಮಾತ್ರ ಸಾಯುತ್ತದೆ. ಹಾಗಾಗಿ ಚುಕ್ಕೆ ಹೋದ ಮೇಲೂ ಒಂದು ವಾರ ಚಿಕಿತ್ಸೆ ಬೇಕು.

ಹೀಟರ್‌ನಿಂದ ನೀರಿನ ಬಿಸಿಯನ್ನು ದಿನಕ್ಕೆ ಎರಡು ಡಿಗ್ರಿಯಂತೆ 28 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ನಿಲ್ಲಿಸಬೇಡಿ. ಅಯೋಡಿನ್ ಇಲ್ಲದ ಕಲ್ಲುಪ್ಪು ಲೀಟರಿಗೆ 2 ಗ್ರಾಂ, ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಹಾಕಿ. ಆವಿಯಾದ ನೀರಿನ ಬದಲು ಬರೀ ನೀರು ಸಾಕು, ಉಪ್ಪು ಆವಿಯಾಗುವುದಿಲ್ಲ. ಜೀವಂತ ಗಿಡ, ಹುರುಪೆಯಿಲ್ಲದ ಮೀನುಗಳಿದ್ದರೆ ಉಪ್ಪು ಬೇಡ. ಔಷಧ ಬಳಸುವುದಾದರೆ ಫಿಲ್ಟರಿನ ಇದ್ದಿಲು ತೆಗೆದಿಡಿ, ಅದು ಔಷಧವನ್ನೇ ಹೀರುತ್ತದೆ.

ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ನೀರನ್ನೇ ಅನುಮಾನಿಸಿ. ನಳದ ನೀರನ್ನು ಹಾಗೇ ಸುರಿದರೆ ಕ್ಲೋರಿನ್ ಕಿವಿರು ಸುಡುತ್ತದೆ. ನೀರು ಬಂದ ದಿನವೇ ಬಕೆಟ್ ತುಂಬಿ, ಒಂದು ದಿನ ತೆರೆದಿಟ್ಟು ಬಳಸಿ. ಹೇಗೂ ನಮ್ಮೂರಲ್ಲಿ ನೀರು ಹಿಡಿದಿಡುವುದು ರೂಢಿಯೇ!

ಇಷ್ಟನ್ನಾದರೂ ಮೀನು ಮಾರುವವರು ಒಂದು ಚೀಟಿಯಲ್ಲಿ ಬರೆದು ಕೊಡಲಿ.

– ಮೀನು ಸಾಕುವ ಓದುಗರು, ಧಾರವಾಡ