ಬಣ್ಣಕ್ಕಿಂತ ಲಾಗ್‌ಬುಕ್ ಮುಖ್ಯ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಸ್ವಂತ ವಿಮಾನ ಇಟ್ಟುಕೊಂಡಿರುವ ಕನ್ನಡಿಗರೊಬ್ಬರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಖುಷಿಯಾಯಿತು. ಆದರೆ ಅದನ್ನು 'ಕೋಟ್ಯಧಿಪತಿಗಳ ಶೋಕಿ' ಅಂದಿದ್ದೀರಲ್ಲ, ನನ್ನ ತಕರಾರು ಅಲ್ಲೇ. ನಾನು ಶಿವಮೊಗ್ಗದವನು, ಓಹಯೋದಲ್ಲಿ ಸಂಬಳದ ಕೆಲಸ. ಮೂವರು ಸೇರಿ ಸೆಸ್ನಾ 172 ಅನ್ನೋ ನಾಲ್ಕು ಸೀಟಿನ ಸಣ್ಣ ವಿಮಾನವೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇವೆ. 1976ರದ್ದು, ನನಗಿಂತ ವಯಸ್ಸಲ್ಲಿ ದೊಡ್ಡದು. ನನ್ನ ಪಾಲಿನ ದುಡ್ಡಿಗೆ ಇಲ್ಲಿ ಒಂದು ಹೊಸ ಕಾರು ಬರುತ್ತಿತ್ತು, ಅಷ್ಟೇ.

'ಅಷ್ಟು ಹಳೇದು ಯಾಕೋ, ಬೀಳಲ್ವಾ?' ಅಂತ ಅಮ್ಮ ಫೋನಲ್ಲಿ ಕೇಳಿದರು. ಕಾರಣ ಇದೆ. ಕೋರ್ಟ್ ಕೇಸುಗಳ ಕಾಟಕ್ಕೆ ಸೆಸ್ನಾ ಕಂಪನಿ 1986ರಲ್ಲಿ ಇಂಥ ಸಣ್ಣ ವಿಮಾನ ಮಾಡೋದನ್ನೇ ನಿಲ್ಲಿಸಿತ್ತು. 1994ರಲ್ಲಿ ಕಾನೂನು ಬದಲಾದ ಮೇಲೆ ಮತ್ತೆ ಶುರು ಮಾಡಿತು. ಹಾಗಾಗಿ ನಮ್ಮಂಥವರ ಕೈಗೆಟಕುವುದೆಲ್ಲ ಹೆಚ್ಚಾಗಿ ಎಪ್ಪತ್ತರ ದಶಕದ ಮಾಲು.

ವಯಸ್ಸಿಗೆ ಹೆದರಬೇಕಿಲ್ಲ. ಸುಮ್ನೆ ನಿಂತ ವಿಮಾನಕ್ಕೆ ಹೆದರಬೇಕು. ಇದನ್ನು ಕೊಳ್ಳೋ ಮುಂಚೆ ನಾವು ಮೊದಲು ನೋಡಿದ ವಿಮಾನಕ್ಕೆ ಹೊಸ ಬಣ್ಣ, ಹೊಸ ಸೀಟು, ಥೇಟ್ ಮದುಮಗಳು. ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಬರೀ 300 ಗಂಟೆ ಓಡಿದೆ, ಇನ್ನೂ 1700 ಗಂಟೆ ಯೋಚನೆಯಿಲ್ಲ ಅಂದರು ಮಾರುವವರು. ನಮ್ಮ ಮೆಕ್ಯಾನಿಕ್ ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ, ಹಾರಾಟ, ರಿಪೇರಿ ಎಲ್ಲ ಬರೆದಿಡುವ ಲಾಗ್‌ಬುಕ್ ಹಿಡಿದು ಕೂತರು. ನಾಲ್ಕು ವರ್ಷದಲ್ಲಿ ಅದು ಹಾರಿದ್ದು ಆರೇ ಗಂಟೆ! ಈ ಲೈಕಮಿಂಗ್ ಎಂಜಿನ್‌ಗಳಲ್ಲಿ ಕವಾಟಗಳನ್ನು ತೆರೆಸುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಇರೋದು ಮೇಲ್ಗಡೆ, ನಿಂತಲ್ಲೇ ನಿಂತರೆ ಆಯಿಲ್ ಎಲ್ಲ ಕೆಳಗಿಳಿದು ಅದು ಬರಿಮೈಯಾಗುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ, ಆಮೇಲೆ ಓಡಿಸಿದಾಗ ಸವೆಯುತ್ತಾ ಹೋಗುತ್ತದೆ. ಅವರು ಆಯಿಲ್ ಫಿಲ್ಟರ್ ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಮದುವೆ ಮನೆಯ ಚಮಕಿ ಉದುರಿದ ಹಾಗೆ ಸಣ್ಣ ಸಣ್ಣ ಕಬ್ಬಿಣದ ಚೂರು. ಅಯಸ್ಕಾಂತ ಹತ್ತಿರ ತಂದರೆ ಎದ್ದು ಬಂದು ಅಂಟಿಕೊಂಡವು. ಪರೀಕ್ಷೆಯ ಫೀಸು ಕೊಟ್ಟು ವಾಪಸ್ ಬಂದೆವು. ಅಷ್ಟು ಚೆನ್ನಾಗಿ ಖರ್ಚಾದ ದುಡ್ಡು ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಈಗಿರುವುದರ ಬಣ್ಣ ಮಾಸಿದೆ, ಸೀಟು ಹರಿದಿದೆ. ಆದರೆ ವಾರ ವಾರ ಹಾರುತ್ತಿದ್ದ ಗಾಡಿ.

ಕೊಳ್ಳೋದಕ್ಕಿಂತ ಸಾಕೋದೇ ಕಷ್ಟ, ಇದನ್ನು ನೀವು ಬರೆಯಲೇ ಇಲ್ಲ. ಗಂಟೆಗೆ ಹೆಚ್ಚುಕಡಿಮೆ 30 ಲೀಟರ್ ಪೆಟ್ರೋಲ್, ಅದೂ ನೀಲಿ ಬಣ್ಣದ, ಸೀಸ ಬೆರೆಸಿದ, ಬೇರೆಯದೇ ಪೆಟ್ರೋಲ್. ಹಾರಲಿ ಬಿಡಲಿ, ವಿಮಾನ ನಿಲ್ಲಿಸುವ ಶೆಡ್ಡಿನ (ಹ್ಯಾಂಗರ್) ಬಾಡಿಗೆ, ವಿಮೆ. 12 ತಿಂಗಳಿಗೊಮ್ಮೆ ಪೂರ್ತಿ ತಪಾಸಣೆ ಆಗಿ ಮೆಕ್ಯಾನಿಕ್ ಸಹಿ ಬೀಳದಿದ್ದರೆ ವಿಮಾನ ನೆಲ ಬಿಡುವಂತಿಲ್ಲ. ಮೊದಲ ವರ್ಷದ ತಪಾಸಣೆಯಲ್ಲೇ ಸೈಲೆನ್ಸರ್ ಬಿರುಕು ಬಿಟ್ಟಿದ್ದು ಸಿಕ್ಕಿತು. ಕ್ಯಾಬಿನ್ನಿನ ಹೀಟರ್‌ಗೆ ಬಿಸಿ ಬರೋದು ಅದರ ಸುತ್ತಲಿನ ಗಾಳಿಯಿಂದಲೇ. ಅಂದರೆ ಚಳಿಗಾಲದಲ್ಲಿ ಬಿಸಿಗಾಳಿ ಜೊತೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲವನ್ನೂ ಉಸಿರಾಡುತ್ತಿದ್ದೆವೇನೋ! ಬಿಲ್ಲು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟು ಜಾಸ್ತಿ ಬಂತು. ಯಾರೂ ಗೊಣಗಲಿಲ್ಲ. ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ, ಅವರು ನಿಮ್ಮ ಪತ್ರಿಕೆ ದಿನಾ ಓದುತ್ತಾರೆ. ಹಾಗಾಗಿ ದಯವಿಟ್ಟು ನನ್ನ ಹೆಸರು ಹಾಕಬೇಡಿ.

— ಒಬ್ಬ ಓದುಗ, ಓಹಯೋ